ಊಟ ಬಿಟ್ಟು ಎದ್ದ ರಾಜೀವ

1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಜನ ಮುಗಿಬಿದ್ದು ನೋಡಿದ ಸಿನಿಮಾದಲ್ಲಿ ಹುರುಳಿರುವುದಿಲ್ಲ ಎನ್ನುವವರಿಗೆ ನಾನು ತೋರಿಸುವುದು ಇದನ್ನೇ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಸಿದ್ದಲಿಂಗಯ್ಯ ತೆರೆಗೆ ತಂದರು. ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರಕ್ಕೆ ಹೆಗಲು ಕೊಡುವ ರಾಜೀವ, ಕಲ್ಲುನೆಲವನ್ನು ಹಸನು ಮಾಡುತ್ತಾನೆ. ಪೇಟೆ ಸೇರಿದ್ದ ಹುಡುಗರು ಇದನ್ನು ನೋಡಿ ಊರಿಗೆ ಮರಳಿ ನೇಗಿಲು ಹಿಡಿದರೆಂಬ ಮಾತು ಇಂದಿಗೂ ಇದೆ.

ನನ್ನನ್ನು ಕಾಡುವುದು ಮಾತ್ರ ಆ ಊಟದ ದೃಶ್ಯ. ತಾನು ಸಾಕಿದ ಅಕ್ಕನ ಮಗನೇ ಹಂಗಿಸುತ್ತಾನೆ. ರಾಜೀವ ಸಮಜಾಯಿಷಿ ಕೊಡಬಹುದಿತ್ತು. ಕೊಟ್ಟರೆ ಸತ್ತ ಭಾವನ ಗುಟ್ಟು ಬಯಲಾಗುತ್ತದೆ. ಅರ್ಧ ಊಟಕ್ಕೇ ಎದ್ದು, ಬೆಳೆಸಿದ್ದನ್ನೆಲ್ಲ ಬಿಟ್ಟು ನಡೆದುಬಿಡುತ್ತಾನೆ. ಇಂಥ ಕೊನೆಯನ್ನು ನಮ್ಮ ಜನ ಮತ್ತೆ ಮತ್ತೆ ದುಡ್ಡು ಕೊಟ್ಟು ನೋಡಿದರು. ಅವರ ಅಭಿರುಚಿಯನ್ನು ಹಗುರವಾಗಿ ಕಾಣಬೇಡಿ.