ಮ್ಯಾಗ್ನಂ ತೋಟಾಗಳೂ ಹಗುರವಾದ ಕೋವಿಯೂ

ಶಬ್ದಗಳಿಗೆ ಯೋಗಾರ್ಥವೆಂದೂ ರೂಢ್ಯರ್ಥವೆಂದೂ ಅರ್ಥಭೇದವುಂಟೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಬೇಟೆಯ ಕೋವಿಯ ತೋಟಾಗಳಿಗೆ ಸಲ್ಲುವ ‘ಮ್ಯಾಗ್ನಂ’ ಎಂಬ ಹೆಸರು ಇದಕ್ಕೆ ಒಳ್ಳೆಯ ನಿದರ್ಶನವು. ಲ್ಯಾಟಿನ್ ಭಾಷೆಯ ಈ ಶಬ್ದವು ಸಂಸ್ಕೃತದ ‘ಮಹತ್’ ಶಬ್ದಕ್ಕೆ ಸಜಾತೀಯವಾದುದು. ಇಂಗ್ಲೆಂಡಿನಲ್ಲಿ ದೊಡ್ಡ ಮದ್ಯದ ಸೀಸೆಗೆ ಸಲ್ಲುತ್ತಿದ್ದ ಈ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚು ಮದ್ದು ಹಿಡಿಯುವ ತೋಟಾಗಳಿಗೂ ಬಂದಿತು. 1959ರಲ್ಲಿ ಹೊರಬಂದ .22 ಅಂಗುಲದ ಕಿರುತೋಟಾಕ್ಕೂ ಇದೇ ಹೆಸರಿರುವುದರಿಂದ, ಇಲ್ಲಿ ‘ಮಹತ್ತು’ ಎಂಬುದು ಸಾಪೇಕ್ಷವೆಂದು ತಿಳಿಯತಕ್ಕದ್ದು.

ಈ ವರ್ಗದಲ್ಲಿ ಪ್ರಸಿದ್ಧವಾದುದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು 1912ರಲ್ಲಿ ಹೊರತಂದ .375 ತೋಟಾ. ಇದು 300 ಗ್ರೇನ್ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,500 ಅಡಿಗಳ ವೇಗದಿಂದ ಹಾರಿಸುವುದು. ನೂಲಿನಂತಿರುವ ಕಾರ್ಡೈಟ್ ಮದ್ದನ್ನು ತುಂಬಲೆಂದು ಇದರ ಹಿತ್ತಾಳೆಯ ಕೋಶವನ್ನು ನೀಳವಾಗಿಯೂ ಇಳಿಜಾರಾಗಿಯೂ ಮಾಡಿದ್ದರು. ಇಂತಹ ಕೋಶವು ಕೋವಿಯೊಳಗೆ ತಕ್ಕ ಸ್ಥಾನದಲ್ಲಿ ನಿಲ್ಲಲೆಂದು ಅದರ ಬುಡದಲ್ಲಿ ಮೇಖಲೆಯಂತಹ ಪಟ್ಟಿಯೊಂದನ್ನಿಟ್ಟರು. ಇದೇ ವಂಶದಲ್ಲಿ 1925ರಲ್ಲಿ .300 ತೋಟಾ ಹುಟ್ಟಿತು. ಅಮೆರಿಕದಲ್ಲಿ 1962ರಲ್ಲಿ ರೆಮಿಂಗ್ಟನ್ ಸಂಸ್ಥೆಯ 7 ಮಿಲಿಮೀಟರ್ ಮ್ಯಾಗ್ನಂ, 1963ರಲ್ಲಿ ವಿಂಚೆಸ್ಟರ್ ಸಂಸ್ಥೆಯ .300 ಮ್ಯಾಗ್ನಂ ಪ್ರಕಟವಾದುವು. ಇವುಗಳ ಕೋಶಕ್ಕೆ ಸ್ಪಷ್ಟವಾದ ಭುಜವಿರುವುದರಿಂದ ಪಟ್ಟಿಯ ಆವಶ್ಯಕತೆಯಿಲ್ಲ. ಆದರೂ ಅದು ಉಳಿಯಿತು. ಪ್ರಯೋಜನವು ಲೋಪವಾಗಿ ರೂಪವು ಮಾತ್ರ ರೂಢಿಯಾಯಿತು.

ಹಗುರವಾದ ಕೋವಿಗೆ ಈ ಎರಡರಲ್ಲಿ ಯಾವುದು ತಕ್ಕುದು? ಗುಂಡೂ ಮದ್ದಿನ ಅನಿಲವೂ ಮುಂದಕ್ಕೆ ಚಿಮ್ಮುವಷ್ಟೇ ಸಂವೇಗದಿಂದ ಕೋವಿಯು ಹಿಂದಕ್ಕೆ ಒದೆಯುವುದು. ತೋಟಾ ಒಂದೇ ಆಗಿದ್ದು 9 ಪೌಂಡಿನ ಕೋವಿಯನ್ನು 6 ಪೌಂಡಿಗಿಳಿಸಿದರೆ ಒದೆತದ ಶಕ್ತಿಯು ಒಂದೂವರೆ ಪಟ್ಟಾಗುವುದು. ರೆಮಿಂಗ್ಟನ್ ತೋಟಾದ 160 ಗ್ರೇನ್ ಗುಂಡೂ ವಿಂಚೆಸ್ಟರ್ ತೋಟಾದ 180 ಗ್ರೇನ್ ಗುಂಡೂ ಸೆಕೆಂಡಿಗೆ ಸುಮಾರು 2,950 ಅಡಿ ವೇಗವುಳ್ಳವು. ಸಮಾನ ತೂಕದ ಕೋವಿಗಳಲ್ಲಿ ಎರಡನೆಯದರ ಒದೆತವು ಸುಮಾರು ಕಾಲುಭಾಗ ಹೆಚ್ಚು. ಬೆಟ್ಟ ಹತ್ತುವಾಗ ಹೆಗಲಿಗೆ ಹಿತವಾದ ಲಾಘವವು ಗುಂಡು ಹಾರಿಸುವಾಗ ಅದೇ ಹೆಗಲಿಗೆ ಗೌರವವಾಗುವುದು. ಒದೆತಕ್ಕೆ ಅಂಜುವವನು ಕುದುರೆಯನ್ನು ಎಳೆಯುವ ಮೊದಲೇ ಬೆದರುತ್ತಾನೆ, ಗುರಿ ತಪ್ಪುತ್ತದೆ, ಮೃಗವು ಗಾಯಗೊಂಡು ನರಳುತ್ತದೆ.

ಈ ವಿಷಯದಲ್ಲಿ ಪೂರ್ವಿಕರ ಅನುಭವವು ಗಮನಾರ್ಹ. ಮ್ಯಾಗ್ನಂ ಅಲ್ಲದ .275 ರಿಗ್ಬಿ ಕೋವಿಯಿಂದಲೇ ಜಿಮ್ ಕಾರ್ಬೆಟ್ಟನು 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದನು. ಅದರ ಗುಂಡಿನ ವ್ಯಾಸವೂ ರೆಮಿಂಗ್ಟನ್ ಮ್ಯಾಗ್ನಂ ಗುಂಡಿನ ವ್ಯಾಸವೂ ಒಂದೇ. ಆಫ್ರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದ ಡಬ್ಲ್ಯು. ಡಿ. ಎಂ. ಬೆಲ್ಲನು ಇದೇ ಬಗೆಯ ತೋಟಾವನ್ನು ಬಹಳವಾಗಿ ನೆಚ್ಚಿದ್ದನು. ಆದರೆ ಆನೆಯ ಅಂಗರಚನೆಯಲ್ಲಿ ಅವನಿಗಿದ್ದ ಜ್ಞಾನವು ಎಲ್ಲರಿಗೂ ಸುಲಭವಲ್ಲವಾದುದರಿಂದ, ಮೈಮೇಲೆ ಬೀಳುವ ಭಾರಿ ಮೃಗಗಳಿಗೆ .375ರಂತಹ ತೋಟಾವೂ ಅದಕ್ಕೆ ತಕ್ಕ ತೂಕದ ಕೋವಿಯೂ ಬೇಕೆಂಬುದನ್ನು ಅಲ್ಲಗಳೆಯಲಾಗದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಈ ಪ್ರಶ್ನೆಯು ಬೇಟೆಗಾರನದಾಗಿರದೆ ಇತಿಹಾಸಕಾರನದಾಗಿದೆ. ಬೇಟೆಯಿರುವ ದೇಶಗಳಲ್ಲಾದರೋ, ಜಿಂಕೆಯ ಪ್ರಮಾಣದ ಮೃಗಗಳಿಗಾಗಿ ಹಗುರವಾದ ಕೋವಿಯನ್ನು ಹಿಡಿಯುವವನಿಗೆ 7 ಮಿಲಿಮೀಟರ್ ತೋಟಾವೇ ಉಚಿತವೆಂದು ಸಿದ್ಧವಾಗುತ್ತದೆ. ಮಹತ್ತ್ವವು ತೋಟಾದ ಹೆಸರಿನಲ್ಲಿದ್ದರೆ ಸಾಲದು, ಗುರಿಯಲ್ಲಿರಬೇಕು.