ಇಂಪೋರ್ಟ್ ಎರರ್: ವಿ.ಟಿ.ಯು. ಲ್ಯಾಬ್‌ಗಳಲ್ಲಿ ಅದರ ಚರಿತ್ರೆ

ಪ್ರೋಗ್ರಾಂ ಒಂದು ತನಗೆ ಬೇಕಾದ ಲೈಬ್ರರಿಯನ್ನು ಕರೆದಾಗ ಅದು ಸಿಗದೆ ಹೋದರೆ, ಅಥವಾ ಲೈಬ್ರರಿ ಸಿಕ್ಕಿಯೂ ಕೇಳಿದ ಹೆಸರು ಅದರೊಳಗೆ ಇಲ್ಲದಿದ್ದರೆ ಬರುವ ದೋಷವೇ ಇಂಪೋರ್ಟ್ ಎರರ್. ಇದರ ಚರಿತ್ರೆ ನಿಚ್ಚಳವಾಗಿ ಕಾಣುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿ.ಟಿ.ಯು.) ಮೆಷಿನ್ ಲರ್ನಿಂಗ್ ಲ್ಯಾಬ್‌ಗಳಲ್ಲಿ. ಸ್ವಾಯತ್ತವಲ್ಲದ ಕಾಲೇಜು ಬೀದರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಲ್ಯಾಬ್‌ನ ಪ್ರೋಗ್ರಾಂ ಪಟ್ಟಿ ಒಂದೇ. ಹಾಗಾಗಿ ಒಂದು ಲೈಬ್ರರಿಯಲ್ಲಿ ಒಂದು ಹೆಸರು ಬದಲಾದರೂ ಅದರ ಬಿಸಿ ರಾಜ್ಯದ ಎಲ್ಲ ಕಡೆಗೂ ಒಟ್ಟಿಗೇ ತಟ್ಟುತ್ತದೆ.

ಲೈಬ್ರರಿಯ ಕಲ್ಪನೆ ಹಳೆಯದು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಆರಂಭಿಸಿದ ಎಡ್‌ಸ್ಯಾಕ್ ಯಂತ್ರಕ್ಕೆ ಸಿದ್ಧ ಉಪಪ್ರೋಗ್ರಾಂಗಳನ್ನು (ಸಬ್‌ರೂಟೀನ್) ಕಾಗದದ ಟೇಪುಗಳಲ್ಲಿ ತೂತು ಹೊಡೆದು ಇಟ್ಟುಕೊಂಡಿದ್ದರು. ಅವುಗಳ ಬಗ್ಗೆ ವಿಲ್ಕ್ಸ್, ವೀಲರ್ ಮತ್ತು ಗಿಲ್ ಬರೆದ ಪುಸ್ತಕ 1951ರಲ್ಲಿ ಬಂತು. 1991ರಲ್ಲಿ ಗೀಡೋ ವಾನ್ ರೋಸಮ್ ಬಿಡುಗಡೆ ಮಾಡಿದ ಪೈಥಾನ್‌ ಭಾಷೆ ಲೈಬ್ರರಿಯನ್ನು ಹುಡುಕುವುದು ಪ್ರೋಗ್ರಾಂ ಓಡುವಾಗಲೇ. ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ ಸಿಸ್.ಪಾತ್‌ನಲ್ಲಿರುತ್ತದೆ. ಈ ಕಾರಣದಿಂದ ಕೊರತೆ ಮುಂಚಿತವಾಗಿ ತಿಳಿಯುವುದಿಲ್ಲ, ರನ್ ಒತ್ತಿದ ಮೇಲಷ್ಟೇ ಗೊತ್ತಾಗುತ್ತದೆ. ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಪೈಪಿಐ 2003ರಲ್ಲಿ, ಅಲ್ಲಿಂದ ಇಳಿಸಿಕೊಳ್ಳುವ ಪಿಪ್ 2008ರಲ್ಲಿ ಬಂದವು. ಲೈಬ್ರರಿಯೇ ಸಿಗದಿದ್ದಾಗ ಬರುವ ‘ಮಾಡ್ಯೂಲ್ ನಾಟ್ ಫೌಂಡ್ ಎರರ್’ಗೆ ಪ್ರತ್ಯೇಕ ಹೆಸರು ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ ಹೊರಬಂದ ಪೈಥಾನ್ 3.6ರಿಂದ.

ವಿ.ಟಿ.ಯು. 2015ರ ಸ್ಕೀಮ್‌ನ (ಪಠ್ಯಕ್ರಮದ) ಏಳನೇ ಸೆಮಿಸ್ಟರಿಗೆ ಮೆಷಿನ್ ಲರ್ನಿಂಗ್ ಲ್ಯಾಬ್ ಇಟ್ಟಿತ್ತು. ಫೈಂಡ್-ಎಸ್‌ನಿಂದ ಲೋಕಲಿ ವೆಯ್ಟೆಡ್ ರಿಗ್ರೆಶನ್‌ವರೆಗೆ ಹತ್ತು ಪ್ರೋಗ್ರಾಂಗಳು. ಮೊದಲ ಬ್ಯಾಚು ಆ ಲ್ಯಾಬಿಗೆ ಕಾಲಿಟ್ಟಿದ್ದು 2018ರ ದ್ವಿತೀಯಾರ್ಧದಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೈಕಿಟ್-ಲರ್ನ್ ಲೈಬ್ರರಿಯ 0.20 ಆವೃತ್ತಿ ಬಂತು, ‘ಕ್ರಾಸ್ ವ್ಯಾಲಿಡೇಶನ್’ ಎಂಬ ಒಳಭಾಗ ಅದರಿಂದ ಹೊರಬಿತ್ತು. ಅದರಲ್ಲಿದ್ದದ್ದೆಲ್ಲ 2016ರಲ್ಲೇ ‘ಮಾಡೆಲ್ ಸೆಲೆಕ್ಷನ್’ಗೆ ಹೋಗಿತ್ತು. ಅನಕೊಂಡ ಎಂಬ ಪೈಥಾನ್ ಕಟ್ಟಿನ ಹಳೆಯ ಆವೃತ್ತಿ ಇದ್ದ ಕಂಪ್ಯೂಟರಿನಲ್ಲಿ ಹಳೆಯ ಕೋಡ್ ಒಂದು ಎಚ್ಚರಿಕೆ ಕೊಟ್ಟು ಓಡುತ್ತಿತ್ತು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಕಂಪ್ಯೂಟರಿನಲ್ಲಿ ಅದೇ ಕೋಡ್ ಮೊದಲ ಸಾಲುಗಳಲ್ಲೇ ನಿಲ್ಲುತ್ತಿತ್ತು. ಅಕ್ಕಪಕ್ಕದ ಬೆಂಚಿನವರು ಒಂದೇ ಪ್ರೋಗ್ರಾಂ ಟೈಪ್ ಮಾಡಿದರೂ ಒಬ್ಬರಿಗೆ ಔಟ್‌ಪುಟ್ ಬಂದು ಇನ್ನೊಬ್ಬರಿಗೆ ಬಾರದಿರುವುದು ಹೀಗೆ. ಇದರಲ್ಲಿ ವಿದ್ಯಾರ್ಥಿಯ ತಪ್ಪು ಎಳ್ಳಷ್ಟೂ ಇಲ್ಲ.

ಏಳನೇ ಪ್ರೋಗ್ರಾಂ, ಹೃದ್ರೋಗದ ದತ್ತಾಂಶದ ಮೇಲೆ ಬೇಯ್ಸಿಯನ್ ನೆಟ್‌ವರ್ಕ್ ಕಟ್ಟುವುದು, ಇನ್ನೂ ಹೆಚ್ಚು ಕಾಡಿತು. ಇದಕ್ಕೆ ಹಲವು ಲ್ಯಾಬ್ ಮ್ಯಾನ್ಯುಯಲ್‌ಗಳು ಪಿಜಿಎಂಪೈ ಲೈಬ್ರರಿಯನ್ನು ನೆಚ್ಚಿದ್ದವು. ಅವುಗಳಲ್ಲಿ ಅಚ್ಚಾದ ಹೆಸರು ‘ಬೇಯ್ಸಿಯನ್ ಮಾಡೆಲ್’. ಮುಂದಿನ ಆವೃತ್ತಿಗಳಲ್ಲಿ ಅದು ‘ಬೇಯ್ಸಿಯನ್ ನೆಟ್‌ವರ್ಕ್’ ಆಯಿತು, ಆಮೇಲೆ ‘ಡಿಸ್ಕ್ರೀಟ್ ಬೇಯ್ಸಿಯನ್ ನೆಟ್‌ವರ್ಕ್’. ಸೀನಿಯರ್‌ಗಳ ರೆಕಾರ್ಡ್ ಬುಕ್ಕಿನಿಂದ ಇಳಿದು ಬಂದ ಕೋಡ್‌ಗೆ ಇದಾವುದರ ಸುಳಿವೂ ಇರಲಿಲ್ಲ. ಪಠ್ಯಕ್ರಮ ಅಲ್ಗಾರಿದಮ್‌ಗಳನ್ನು ಹೆಸರಿಸಿತೇ ಹೊರತು ಲೈಬ್ರರಿಯ ಆವೃತ್ತಿಯನ್ನಲ್ಲ. ಆವೃತ್ತಿಯನ್ನು ಹೇಳುವ ಒಂದು ಸಾಲು ಸೇರಿಸಿದ್ದರೆ ಎಷ್ಟೋ ಲ್ಯಾಬ್ ಪರೀಕ್ಷೆಗಳ ಆತಂಕ ತಪ್ಪುತ್ತಿತ್ತು.

ದೋಷ ಸರಿಪಡಿಸುವ ಕೆಲಸ ಸಂದೇಶದ ಕೊನೆಯ ಸಾಲಿನಿಂದ ಶುರುವಾಗಬೇಕು. ‘ನೋ ಮಾಡ್ಯೂಲ್ ನೇಮ್ಡ್’ ಎಂದಿದ್ದರೆ ಲೈಬ್ರರಿ ಇಲ್ಲ ಎಂದೇ ತೀರ್ಮಾನಿಸಬಾರದು. ಕಂಪ್ಯೂಟರಿನಲ್ಲಿ ಉಬುಂಟುವಿನದೊಂದು, ಅನಕೊಂಡದ್ದೊಂದು ಎಂದು ಎರಡು ಪೈಥಾನ್‌ಗಳಿದ್ದು, ಪಿಪ್ ಒಂದಕ್ಕೆ ಹಾಕಿದ್ದನ್ನು ಪ್ರೋಗ್ರಾಂ ಇನ್ನೊಂದರಲ್ಲಿ ಹುಡುಕುತ್ತಿರಬಹುದು. ಓಡುತ್ತಿರುವ ಪೈಥಾನ್ ಯಾವುದೆಂದು ಸಿಸ್.ಎಕ್ಸಿಕ್ಯೂಟಬಲ್ ಹೇಳುತ್ತದೆ, ಅದೇ ಪೈಥಾನ್‌ನ ಮೂಲಕ ಪಿಪ್ ಕರೆದರೆ ಗೊಂದಲ ಮುಗಿಯಿತು. ಇಂಪೋರ್ಟ್ ಮಾಡುವ ಹೆಸರೇ ಬೇರೆ, ಇನ್‌ಸ್ಟಾಲ್ ಮಾಡುವ ಹೆಸರೇ ಬೇರೆ ಇರುವುದೂ ಉಂಟು: ಸಿವಿ2 ಬೇಕಾದರೆ ಓಪನ್‌ಸಿವಿ-ಪೈಥಾನ್, ಪಿಐಎಲ್ ಬೇಕಾದರೆ ಪಿಲ್ಲೋ. ‘ಕೆನಾಟ್ ಇಂಪೋರ್ಟ್ ನೇಮ್’ ಎಂದಿದ್ದರೆ ಹೆಚ್ಚಿನ ಸಲ ಆವೃತ್ತಿ ಹೊಂದಿಕೆಯಾಗಿಲ್ಲ ಎಂದರ್ಥ. ಇಲ್ಲವೇ ವಿದ್ಯಾರ್ಥಿ ತನ್ನ ಕಡತಕ್ಕೇ ‘ರ್‍ಯಾಂಡಮ್’ ಎಂದು ಹೆಸರಿಟ್ಟು ಮೂಲ ಲೈಬ್ರರಿಯನ್ನು ಮರೆಮಾಡಿರಬಹುದು. ಈ ಸಾಧ್ಯತೆಯನ್ನು ಪೈಥಾನ್‌ನ ಇತ್ತೀಚಿನ ಆವೃತ್ತಿಗಳು ಸಂದೇಶದಲ್ಲೇ ಬಿಡಿಸಿ ಹೇಳುತ್ತವೆ. ಇಂಟರ್ನೆಟ್ ಇಲ್ಲದ ಲ್ಯಾಬಿಗೂ ದಾರಿಯಿದೆ. ಬೇರೆಡೆ ಇಳಿಸಿಕೊಂಡ ಲೈಬ್ರರಿಗಳ ವೀಲ್ ಕಡತಗಳನ್ನು ಪೆನ್‌ಡ್ರೈವಿನಲ್ಲಿ ತಂದು ಪಿಪ್‌ಗೆ ಆ ಫೋಲ್ಡರ್ ತೋರಿಸಿದರೆ ಸಾಕು. ಪೈಥಾನ್ ಆವೃತ್ತಿ ಮತ್ತು ಆಪರೇಟಿಂಗ್ ಸಿಸ್ಟಂ ಹೊಂದುವಂತಿರಬೇಕು ಅಷ್ಟೆ. 2012ರ ಪೈಥಾನ್ 3.3ರಿಂದ ಜೊತೆಗೇ ಬರುವ ವೆನ್ವ್ ಬಳಸಿ ಪ್ರತಿ ಸ್ಕೀಮ್‌ಗೂ ಬೇರೆ ಪರಿಸರ ಕಟ್ಟಿ, ಆವೃತ್ತಿಗಳ ಪಟ್ಟಿಯನ್ನು ಕೋಡಿನ ಜೊತೆಗೇ ಇಡುವುದು ಶಾಶ್ವತ ಪರಿಹಾರ.

2022ರ ಸ್ಕೀಮ್‌ನ ಆರನೇ ಸೆಮಿಸ್ಟರಿನ ಲ್ಯಾಬ್ ಪಟ್ಟಿಯಲ್ಲಿ ಲೀನಿಯರ್ ರಿಗ್ರೆಶನ್‌ಗೆ ಬಾಸ್ಟನ್ ಮನೆಬೆಲೆಗಳ ದತ್ತಾಂಶ ಬಳಸಬೇಕೆಂದಿದೆ. 1978ರಲ್ಲಿ ಹ್ಯಾರಿಸನ್ ಮತ್ತು ರೂಬಿನ್‌ಫೆಲ್ಡ್ ಪ್ರಕಟಿಸಿದ ಅಧ್ಯಯನದ ದತ್ತಾಂಶವದು. ಅದನ್ನು ತರುವ ‘ಲೋಡ್ ಬಾಸ್ಟನ್’ ಅನ್ನು ಸೈಕಿಟ್-ಲರ್ನ್ 2022ರ ಡಿಸೆಂಬರಿನ 1.2 ಆವೃತ್ತಿಯಿಂದ ತೆಗೆದುಹಾಕಿದೆ. ಕಾರಣ, ಕರಿಯ ಜನರ ವಾಸವು ಮನೆಯ ಬೆಲೆಯ ಮೇಲೆ ಪ್ರಭಾವ ಬೀರುತ್ತದೆಂಬ ಊಹೆಯಿಂದ ಕಟ್ಟಿದ ಕಲಂ ಒಂದು ಆ ದತ್ತಾಂಶದಲ್ಲಿತ್ತು. ಇಂದು ‘ಲೋಡ್ ಬಾಸ್ಟನ್’ ಅನ್ನು ಇಂಪೋರ್ಟ್ ಮಾಡಿದರೆ ಬರುವ ದೋಷ ಸಂದೇಶ ಈ ನೈತಿಕ ಆಕ್ಷೇಪವನ್ನು ವಿವರಿಸಿ, ಬದಲಿಗೆ ಕ್ಯಾಲಿಫೋರ್ನಿಯಾ ದತ್ತಾಂಶ ಬಳಸಲು ಸೂಚಿಸುತ್ತದೆ. ಅದೇ ಲ್ಯಾಬ್ ಪಟ್ಟಿಯ ಮೊದಲ ಪ್ರೋಗ್ರಾಂಗೆ ಕೊಟ್ಟಿರುವುದೂ ಕ್ಯಾಲಿಫೋರ್ನಿಯಾ ದತ್ತಾಂಶವನ್ನೇ.