ಕಿಲ್ನ್ ಚಾಲನಾ ತರಬೇತಿ (ಸೇಡಂ–ವಾಡಿ ಸಿಮೆಂಟ್ ವಲಯ)

ಸುಣ್ಣಕಲ್ಲಿನ ಹಿಟ್ಟನ್ನು ಸುಟ್ಟು ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳನ್ನಾಗಿ ಮಾಡುವ, ತನ್ನ ಅಕ್ಷದ ಮೇಲೆ ಸದಾ ಉರುಳುವ ಉದ್ದನೆಯ ಉಕ್ಕಿನ ಗೂಡಿಗೆ ಸಿಮೆಂಟ್ ಕಾರ್ಖಾನೆಗಳಲ್ಲಿ ಕಿಲ್ನ್ ಎನ್ನುತ್ತಾರೆ. ಅದನ್ನು ನಡೆಸುವವರನ್ನು ತಯಾರು ಮಾಡುವ ವೃತ್ತಿ ತರಬೇತಿಗೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಸುತ್ತಣ ಪ್ರದೇಶ ಕರ್ನಾಟಕದ ಮುಖ್ಯ ನೆಲೆಯಾಗಿದೆ.

ಹಿನ್ನೆಲೆ

ಭೀಮಾ ಕೊಳ್ಳದ ಸುಣ್ಣಕಲ್ಲನ್ನು ನೆಚ್ಚಿ ನಿಜಾಮರ ಆಳ್ವಿಕೆಯ 1920ರ ದಶಕದಲ್ಲಿ ಶಹಾಬಾದಿನಲ್ಲಿ ಆರಂಭವಾದ ಸಿಮೆಂಟ್ ಕಂಪನಿಯು 1936ರಲ್ಲಿ ಎಸಿಸಿ ಎಂಬ ಸಿಮೆಂಟ್ ಕಂಪನಿಯಲ್ಲಿ ವಿಲೀನಗೊಂಡಿತು. ವಾಡಿಯ ಕಾರ್ಖಾನೆ 1968ರಲ್ಲಿಯೂ ಸೇಡಂ ಮತ್ತು ಮಳಖೇಡದವು 1980ರ ದಶಕದಲ್ಲಿಯೂ ಬಂದವು; ಚಿಂಚೋಳಿ ತಾಲ್ಲೂಕಿನವು ಈ ಶತಮಾನದವು. ವಾಡಿಯಲ್ಲಿ 2010ರ ಸುಮಾರಿಗೆ ದಿನಕ್ಕೆ 12,500 ಟನ್ ಸಾಮರ್ಥ್ಯದ ಕಿಲ್ನ್ ಚಾಲನೆಗೊಂಡ ಮೇಲೆ, ಒಬ್ಬ ಆಪರೇಟರನ ಒಂದು ತಪ್ಪಿಗೆ ತೆರಬೇಕಾದ ಬೆಲೆ ಬಹಳ ಹೆಚ್ಚಿತು.

ಕಲಿಕೆಯ ತಿರುಳು

ಹಿಂದಿನ ತಲೆಮಾರಿನ ಬರ್ನರ್, ಅಂದರೆ ಬೆಂಕಿ ನೋಡಿಕೊಳ್ಳುವ ಕೆಲಸಗಾರ, ನೀಲಿ ಗಾಜಿನ ಮೂಲಕ ಜ್ವಾಲೆಯನ್ನು ನೋಡಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದ ಸುಡುವಲಯವನ್ನು ಬಣ್ಣದಿಂದಲೇ ಅಳೆಯುತ್ತಿದ್ದನು. ಇಂದಿನ ಆಪರೇಟರ್ ನಿಯಂತ್ರಣ ಕೊಠಡಿಯ ಪರದೆಯ ಮುಂದೆ ಕೂರುತ್ತಾನೆ. ಆದರೂ ಅವನ ತರಬೇತಿಯನ್ನು ಕ್ಲಿಂಕರಿನಿಂದಲೇ ಆರಂಭಿಸುವುದು ಸರಿಯಾದ ಕ್ರಮವೆನ್ನಬೇಕು. ಕಿಲ್ನಿನಿಂದ ಬಂದ ಮಾಲನ್ನು ತಣಿಸುವ ಕೂಲರಿನಿಂದ ತಂದ ಕ್ಲಿಂಕರನ್ನು ಜರಡಿ ಹಿಡಿದು, ಒಂದು ಲೀಟರ್ ಅಳತೆಯ ಪಾತ್ರೆಗೆ ತುಂಬಿ ತೂಗಿದಾಗ ಅದು ಸಾಮಾನ್ಯವಾಗಿ 1,200 ಗ್ರಾಂ ಆಸುಪಾಸಿನಲ್ಲಿ ಬರಬೇಕು. ಹಗುರವಾದರೆ ಬೆಂದದ್ದು ಸಾಲದೆಂದೂ ಬಹಳ ಭಾರವಾದರೆ ಇಂಧನ ವ್ಯರ್ಥವಾಗುತ್ತಿದೆಯೆಂದೂ ತಿಳಿಯುತ್ತದೆ. ಬೆರೆಯದೆ ಉಳಿದ ಸುಣ್ಣದ ಪ್ರಮಾಣವನ್ನು ಪ್ರಯೋಗಾಲಯ ಹೇಳುವ ಹೊತ್ತಿಗೆ ಆ ಕ್ಲಿಂಕರ್ ಕಿಲ್ನ್ ಬಿಟ್ಟು ಬಹಳ ಹೊತ್ತಾಗಿರುವುದರಿಂದ, ಆಪರೇಟರ್ ಕಿಲ್ನ್ ಮೋಟಾರಿನ ವಿದ್ಯುತ್ ಪ್ರವಾಹದ ಏರಿಳಿತವನ್ನು ಓದಲು ಕಲಿಯಬೇಕಾಗುತ್ತದೆ. ಚೆನ್ನಾಗಿ ಬೆಂದ ಮಾಲು ಅಂಟಾಗಿ ಗೋಡೆಯ ಮೇಲೆ ಎತ್ತರಕ್ಕೇರುವುದರಿಂದ ಮೋಟಾರಿನ ಭಾರ ಹೆಚ್ಚುತ್ತದೆ; ಆದರೆ ಒಳಗೆ ಉಂಗುರದಂತೆ ಕಟ್ಟಿಕೊಂಡ ಗಟ್ಟಿ ಪದರದ ಹಿಂದೆ ಮಾಲು ನಿಂತರೂ ಅದೇ ಪ್ರವಾಹ ಏರುತ್ತದೆ. ಈ ಎರಡರ ವ್ಯತ್ಯಾಸವನ್ನು ಗುರುತಿಸುವುದೇ ಕಲಿಕೆಯ ಅತಿ ಕಷ್ಟದ ಭಾಗವಾಗಿದ್ದು, ಕಿಲ್ನ್ ಚಾಲನೆಯನ್ನು ಪರದೆಯ ಮೇಲೆ ಅನುಕರಿಸುವ ಸಿಮ್ಯುಲೇಟರ್ ಅದಕ್ಕೆ ನೆರವಾಗಬಲ್ಲದೇ ಹೊರತು ಹಿರಿಯ ಆಪರೇಟರನ ಪಕ್ಕದಲ್ಲಿ ಕಳೆದ ರಾತ್ರಿ ಪಾಳಿಗಳಿಗೆ ಬದಲಿಯಾಗಲಾರದು.

ಸಂಸ್ಥೆಗಳು

ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು ಸೆರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನದ ಪದವಿಯನ್ನು ಬೋಧಿಸಿದೆ. ಐಟಿಐ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಿಗೆ ಸೇರುವುದುಂಟು.

ಸಮೀಪದ ವೃತ್ತಿ

ಕಾಗದದ ತಿರುಳು ತಯಾರಿಸುವ ಗಿರಣಿಗಳ ರಾಸಾಯನಿಕ ಮರುಪಡೆ ವಿಭಾಗದಲ್ಲಿಯೂ ಇಂಥದೇ ಕಿಲ್ನ್ ಸುಣ್ಣದ ಕೆಸರನ್ನು ಸುಟ್ಟು ಮತ್ತೆ ಸುಣ್ಣವಾಗಿಸುತ್ತದೆ. ಆದರೆ ಅಲ್ಲಿನ ತರಬೇತಿಯ ಹೆಚ್ಚಿನ ಭಾಗ ಬಾಯ್ಲರಿನಲ್ಲಿ ಕರಗಿದ ಲವಣಕ್ಕೆ ನೀರು ತಗುಲಿ ಸಂಭವಿಸುವ ಸ್ಫೋಟವನ್ನು ತಡೆಯುವುದಕ್ಕೆ ಮೀಸಲು.

ಸುರಕ್ಷತೆ

ಸಿಮೆಂಟಿನಲ್ಲಿ ಕಾಗದ ಗಿರಣಿಯ ಆ ಸ್ಫೋಟಕ್ಕೆ ಸಮನಾದ ಅಪಾಯವೆಂದರೆ, ಹಿಟ್ಟು ಕಿಲ್ನ್ ಸೇರುವ ಮುನ್ನ ಅದನ್ನು ಕಾಯಿಸುವ ಪ್ರೀಹೀಟರ್ ಗೋಪುರದ ಸೈಕ್ಲೋನ್ ಎಂಬ ಕೊಳವೆಯಾಕಾರದ ಪಾತ್ರೆ ಕಟ್ಟಿಕೊಳ್ಳುವುದು. ಅದನ್ನು ಬಿಡಿಸುವಾಗ ಸುಮಾರು 800 ಡಿಗ್ರಿ ಶಾಖದ ಹಿಟ್ಟು ನೀರಿನಂತೆ ಹರಿದು ಬರುವುದರಿಂದ, ಶಾಖ ತಡೆಯುವ ಉಡುಪಿಲ್ಲದೆ ಯಾರೂ ಸೈಕ್ಲೋನಿನ ಬಾಗಿಲು ತೆರೆಯಕೂಡದೆಂದೂ ಕೆಳಗಿನ ಅಂತಸ್ತುಗಳನ್ನು ಮೊದಲೇ ಖಾಲಿ ಮಾಡಿಸಬೇಕೆಂದೂ ಕಲಿಸಲಾಗುತ್ತದೆ. ಗುತ್ತಿಗೆ ಕಾರ್ಮಿಕರಿಗೂ ಈ ಪಾಠ ಕಾಯಂ ನೌಕರರಿಗೆ ಸಿಗುವಷ್ಟೇ ಪೂರ್ಣವಾಗಿ ಸಿಗಬೇಕು, ಏಕೆಂದರೆ ಸಲಾಕೆ ಹಿಡಿದು ಆ ಬಾಗಿಲ ಮುಂದೆ ನಿಲ್ಲುವವರು ಹೆಚ್ಚಾಗಿ ಅವರೇ.